ತಿಂಗಳ ಸೋಪು, ಡಯಪರ್: ಅಮ್ಮಂದಿರನ್ನು ಕೇಳಿ ಕೊಡುವುದು

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಕೆಲವು ಮನೆಗಳಿಗೆ ನಾವು ನಾಲ್ಕೈದು ಹೆಂಗಸರು ಸೇರಿ ತಿಂಗಳು ತಿಂಗಳು ಸೋಪು, ಡಯಪರ್, ಪ್ಯಾಡು ತಲುಪಿಸುತ್ತೇವೆ. ಹೆಚ್ಚಿನವು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ನರಳುತ್ತಿರುವವರ ಮನೆಗಳು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಆ ಮದ್ದು ಬಿಡುವುದು 2000ದಲ್ಲೇ ನಿಂತಿತು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ಮದ್ದನ್ನೇ ತಡೆಯಿತು. ಆದರೆ ಆಗ ಮಕ್ಕಳಾಗಿದ್ದವರಿಗೆ ಈಗ ಇಪ್ಪತ್ತೈದು, ಮೂವತ್ತು ವರ್ಷ. ಕೆಲವರಿಗೆ ಮಲಗಿದಲ್ಲೇ ಎಲ್ಲ ಆಗಬೇಕು. ನೋಡಿಕೊಳ್ಳುವ ಅಮ್ಮನಿಗೂ ವಯಸ್ಸಾಯಿತು. ಪೆನ್ಶನ್ ದುಡ್ಡು ಮದ್ದಿಗೆ, ಆಸ್ಪತ್ರೆಗೆ ಹೋಗುವ ಜೀಪಿಗೆ ಮುಗಿಯುತ್ತದೆ. ಆಮೇಲೆ ಸೋಪಿಗೆ ಎಲ್ಲಿಂದ ತರುವುದು?

ಸಹಾಯ ಅಂದರೆ ಪೇಸ್ಟು, ಶಾಂಪೂ, ಒಂದು ಮೈಸೋಪು ತುಂಬಿದ ಕಿಟ್ ಕೊಡುವವರೇ ಜಾಸ್ತಿ. ಅಮ್ಮಂದಿರನ್ನು ಕೇಳಿದರೆ ಪಟ್ಟಿಯೇ ಬೇರೆ. "ಮೈಸೋಪು ಒಂದು ಸಾಕು ಟೀಚರೇ. ಬಟ್ಟೆಗೆ ಹಾಕುವ ಸೋಪು ತನ್ನಿ. ರಾತ್ರಿ ಎರಡು ಸಲ ಹಾಸಿದ್ದು ತೆಗೀಲಿಕ್ಕುಂಟು" ಅಂದರು ಒಬ್ಬರು. ಅಂದಿನಿಂದ ನಮ್ಮ ಚೀಲದಲ್ಲಿ ಉದ್ದದ ಬಾರ್ ಸೋಪಿಗೇ ಮೊದಲ ಜಾಗ.

ಡಯಪರಿನಲ್ಲಿ ವಯಸ್ಸು ನೋಡಿ ಸೈಜು ಹೇಳುವ ಹಾಗಿಲ್ಲ. ಮೂವತ್ತರ ಮಗನ ಮೈ ಹತ್ತು ವರ್ಷದ ಹುಡುಗನಷ್ಟೇ ಇರಬಹುದು. ಹಾಗಾಗಿ ಟೇಪು ಹಿಡಿದು ಸೊಂಟ ಅಳೆದು, ಪುಸ್ತಕದಲ್ಲಿ ಬರೆದಿಡುತ್ತೇವೆ. ಚಡ್ಡಿಯಂಥದ್ದು ಎದ್ದು ನಿಲ್ಲುವವರಿಗೆ ಸರಿ. ಮಲಗಿದವರಿಗೆ ಪಕ್ಕದಲ್ಲಿ ಅಂಟಿಸುವಂಥದ್ದೇ ಬೇಕು. ಒಬ್ಬ ಅಮ್ಮ ಹಾಕುವುದನ್ನು ನೋಡಬೇಕು ನೀವು. ಮಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಒರೆಸಿ, ಒಣಗಲು ಬಿಡುತ್ತಾರೆ. ಅರ್ಧ ಸುರುಳಿ ಸುತ್ತಿದ ಡಯಪರನ್ನು ಬೆನ್ನಡಿಗೆ ತೂರಿಸುತ್ತಾರೆ. ಆಮೇಲೆ ಈಚೆ ಮಗ್ಗುಲಿಗೆ ಹೊರಳಿಸಿ ಆ ಸುರುಳಿ ಬಿಡಿಸುತ್ತಾರೆ. ಎತ್ತುವ ಕೆಲಸವೇ ಇಲ್ಲ. ಅದನ್ನು ಈಗ ನಾವು ಹೊಸ ಮನೆಗಳಲ್ಲಿ ತೋರಿಸುತ್ತೇವೆ.

ಎಲ್ಲ ತಿಂಗಳೂ ಒಂದೇ ಲೆಕ್ಕ ನಡೆಯುವುದಿಲ್ಲ. ಮಾರ್ಚ್ ಬಂತೆಂದರೆ ಸುರಂಗದ (ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದದ್ದು) ನೀರು ಸಣ್ಣಗಾಗುತ್ತದೆ. ಕುಡಿಯಲಿಕ್ಕೇ ನೀರು ಹಿಡಿದಿಡಬೇಕಾದಾಗ ಬಟ್ಟೆ ಒಗೆಯುವುದು ಹೇಗೆ? ಆಗ ಡಯಪರ್ ಜಾಸ್ತಿ ಬೇಕು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ನೀರು ಬೇಕಾದಷ್ಟು, ಬಟ್ಟೆ ಮಾತ್ರ ಒಣಗುವುದಿಲ್ಲ. ಹಸಿ ಬಟ್ಟೆ ತಾಗಿ ತೊಡೆಸಂದು ಕೆಂಪಾಗುತ್ತದೆ. ಆಗ ಹಳೆಯ ಹತ್ತಿಯ ಬೈರಾಸು, ಪಂಚೆ ಒಗೆದು ಒಣಗಿಸಿ ಒಯ್ಯುತ್ತೇವೆ. ಜೊತೆಗೆ ಝಿಂಕ್ ಆಕ್ಸೈಡ್ ಕ್ರೀಮು.

ಇನ್ನೊಂದು ವಿಷಯ ಗಂಡಸರ ಎದುರು ಯಾವ ಅಮ್ಮನೂ ಹೇಳುವುದಿಲ್ಲ. ಮಲಗಿದ ಹೆಣ್ಣುಮಗಳಿಗೂ ಮುಟ್ಟು ಬರುತ್ತದೆ ಅಲ್ವಾ? ಪ್ಯಾಡು ನಿಲ್ಲುವುದಿಲ್ಲ, ಆ ದಿನಗಳಿಗೆ ಬೇರೆಯೇ ಡಯಪರ್ ಎತ್ತಿಡಬೇಕು. ಆದ್ದರಿಂದ ನಮ್ಮಲ್ಲೊಬ್ಬಳು ಒಳಗೆ ಹೋಗಿ ಕೂತು ಮಾತಾಡಲೇಬೇಕು. ಜಗಲಿಯಲ್ಲಿ ಚೀಲ ಇಟ್ಟು ಬಂದರೆ ಇದು ಗೊತ್ತಾಗುವುದೇ ಇಲ್ಲ.

ಫೋಟೋ ತೆಗೆಯುವುದಿಲ್ಲ. ಈ ಮಕ್ಕಳ ಫೋಟೋ ಲೋಕವೆಲ್ಲ ನೋಡಿಯಾಗಿದೆ. ದುಡ್ಡು ಕೊಟ್ಟವರಿಗೆ ಅಂಗಡಿ ಬಿಲ್ಲು ಕಳಿಸುತ್ತೇವೆ, ಅಷ್ಟೇ. ಸಾಮಾನಿಗಿಂತ ದುಡ್ಡೇ ಒಳ್ಳೆಯದು, ಬೇಕಾದ ಸೈಜು ತರಬಹುದು. 2025ರ ಸೆಪ್ಟೆಂಬರಿನಲ್ಲಿ ಮೈಸೋಪು, ಪೇಸ್ಟಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ, ಡಯಪರಿನದ್ದು 12ರಿಂದ 5ಕ್ಕೆ ಇಳಿಯಿತು. ಒಟ್ಟಿಗೆ ಕೊಳ್ಳುವ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಬಳಸಿದ ಡಯಪರ್ ಏನು ಮಾಡುವುದು ಅನ್ನುವುದಕ್ಕೆ ಮಾತ್ರ ಸರಿಯಾದ ದಾರಿ ಇನ್ನೂ ಸಿಕ್ಕಿಲ್ಲ. ಅಂಗಳದ ಮೂಲೆಯಲ್ಲಿ ಸುಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ಬೇಸಿಗೆಯದ್ದನ್ನು ಫೆಬ್ರವರಿಯಲ್ಲೇ ಕೂಡಿಡಲು ಶುರುಮಾಡುತ್ತೇವೆ. ಕೊಡುವ ಮನಸ್ಸಿದ್ದವರು ಆಗಲೇ ಕೊಡಿ. ಅಂಟಿಸುವಂಥ ಡಯಪರ್, ಮೀಡಿಯಮ್ ಸೈಜು. ಮತ್ತೆ ಬಾರ್ ಸೋಪು, ಎಷ್ಟಾದರೂ ಆದೀತು.