ಫಿಲ್ಮ್ ಕ್ಯಾಮೆರಾದಲ್ಲಿ ಫ್ಲ್ಯಾಶ್ ಸರಿಯಾಗಿ ಕೂರದಿದ್ದಾಗ

ತುಮಕೂರು, ತಿಪಟೂರು ಕಡೆಯ ಮನೆಗಳ ಅಟ್ಟದಿಂದಲೂ ಮುಚ್ಚಿಹೋದ ಸ್ಟುಡಿಯೊಗಳ ಬೀರುಗಳಿಂದಲೂ ಪೆಂಟಾಕ್ಸ್ ಕೆ1000, ಯಾಶಿಕಾ, ಜೆನಿಟ್, ನಿಕಾನ್ ಎಫ್‌ಎಂ10ರಂತಹ ಕ್ಯಾಮೆರಾಗಳು ಮತ್ತೆ ಹೊರಬರುತ್ತಿವೆ. ಅವುಗಳ ಜೊತೆಗೆ ಸಿಗುವ ಹಳೆಯ ಫ್ಲ್ಯಾಶ್ ಬೆಳಗದಿದ್ದರೆ ಅದು ಸುಟ್ಟುಹೋಗಿದೆ ಎಂದು ತೀರ್ಮಾನಿಸುವುದು ವಾಡಿಕೆ. ಆದರೆ ದೋಷವು ಅನೇಕ ಸಲ ಫ್ಲ್ಯಾಶಿನಲ್ಲಿ ಇರುವುದಿಲ್ಲ, ಅದು ಕ್ಯಾಮೆರಾದ ಮೇಲೆ ಕೂರುವ ಜಾಗದಲ್ಲಿ ಇರುತ್ತದೆ. ರೀಲಿನ ಇಂದಿನ ಬೆಲೆಯನ್ನು ನೋಡಿದರೆ, ಮುಂದೆ ಹೇಳುವ ಪರೀಕ್ಷೆಗಳನ್ನೆಲ್ಲ ರೀಲು ಹಾಕುವ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಮೊದಲು ಫ್ಲ್ಯಾಶನ್ನು ಬಿಡಿಯಾಗಿ ಪರೀಕ್ಷಿಸಿ. ಹೊಸ ಸೆಲ್ ಹಾಕಿ, ಸಿದ್ಧ ಎಂದು ತೋರಿಸುವ ಸಣ್ಣ ದೀಪ ಹೊತ್ತಿದ ಮೇಲೆ ಟೆಸ್ಟ್ ಗುಂಡಿಯನ್ನು ಒತ್ತಿದಾಗ ಅದು ಬೆಳಗಿದರೆ ಫ್ಲ್ಯಾಶ್ ಸರಿಯಿದೆ, ಹುಡುಕಾಟ ಕ್ಯಾಮೆರಾದ ಕಡೆಗೆ ಹೋಗಬೇಕು.

ಎರಡನೆಯದಾಗಿ, ನಿಮ್ಮ ಕ್ಯಾಮೆರಾದಲ್ಲಿರುವುದು ಎಂತಹ ಶೂ (ಫ್ಲ್ಯಾಶ್ ಜಾರಿ ಕೂರುವ ಹಳಿ) ಎಂಬುದನ್ನು ಗಮನಿಸಿ. ನಡುವೆ ಲೋಹದ ಬೊಟ್ಟು ಇದ್ದರೆ ಅದು ಹಾಟ್ ಶೂ. ಬೊಟ್ಟೇ ಇಲ್ಲದಿದ್ದರೆ ಅದು ಫ್ಲ್ಯಾಶನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಬೆಳಗಿಸುವುದಿಲ್ಲ. ಆಗ ಫ್ಲ್ಯಾಶಿನಿಂದ ಕ್ಯಾಮೆರಾದ ಸಿಂಕ್ ಸಾಕೆಟ್ಟಿಗೆ (ಶಟರಿನ ಜೊತೆಗೇ ಫ್ಲ್ಯಾಶ್ ಬೆಳಗಿಸುವ ಸಂಪರ್ಕಕ್ಕೆ) ವೈರು ಜೋಡಿಸಲೇಬೇಕು. ಒಲಿಂಪಸ್ ಓಎಂ-1ರಲ್ಲಿ ಶೂ ಬೇರೆಯದೇ ಬಿಡಿಭಾಗವಾಗಿದ್ದು, ಎಷ್ಟೋ ಸಲ ಕ್ಯಾಮೆರಾದೊಂದಿಗೆ ಸಿಗುವುದಿಲ್ಲ. ನಿಕಾನ್ ಎಫ್, ಎಫ್2, ಎಫ್3ಗಳಲ್ಲಿ ಫ್ಲ್ಯಾಶಿನ ಜಾಗವು ರೀಲು ಸುತ್ತುವ ಹಿಡಿಯ ಬಳಿ ಇದ್ದು, ಸಾಮಾನ್ಯ ಫ್ಲ್ಯಾಶ್ ಅಲ್ಲಿ ಕೂರಬೇಕಾದರೆ ಅಡಾಪ್ಟರ್ ಬೇಕು. 1988ರಿಂದ ಬಂದ ಮಿನೋಲ್ಟಾ ಆಟೋಫೋಕಸ್ ಕ್ಯಾಮೆರಾಗಳ ಶೂ ಕೂಡ ಬೇರೆಯೇ ಆಕಾರದ್ದು. ಇಂತಹ ಕಡೆ ಬಲವಂತವಾಗಿ ತಳ್ಳುವುದಾಗಲಿ, ಶೂವಿನೊಳಗೆ ಜಾರುವ ಫ್ಲ್ಯಾಶಿನ ಪಾದವನ್ನು ಅರದಿಂದ ಉಜ್ಜುವುದಾಗಲಿ ಸರ್ವಥಾ ಕೂಡದು.

ಶೂ ಹೊಂದುವಂತಹದ್ದೇ ಆಗಿದ್ದೂ ಫ್ಲ್ಯಾಶ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿದ್ದರೆ, ಪಾದದ ಮೇಲಿನ ಬಿಗಿಯುವ ಚಕ್ರವನ್ನು ಪೂರ್ತಿ ಸಡಿಲಿಸಿ ಮತ್ತೆ ಪ್ರಯತ್ನಿಸಿ. ಶಿವರಾತ್ರಿಯ ಸಮಯದ ಸಿದ್ಧಗಂಗೆಯ ದನಗಳ ಜಾತ್ರೆಯಂತಹ ಕಡೆ ಓಡಾಡಿದ ಕ್ಯಾಮೆರಾಗಳ ಶೂ ಹಳಿಯೊಳಗೆ ಧೂಳು ಗಟ್ಟಿಯಾಗಿ ಕೂತಿರುವುದುಂಟು. ಅದನ್ನು ಒಣ ಬ್ರಷ್‌ನಿಂದ ತೆಗೆಯಬೇಕು.

ಹೆಚ್ಚು ತೊಂದರೆ ಕೊಡುವುದು ಸಡಿಲವಾಗಿ ಅಲ್ಲಾಡುವ ಫ್ಲ್ಯಾಶ್. ಇಲ್ಲಿ ಬಹಳ ಜನ ಕಾಗದದ ಚೂರನ್ನೋ ಟೇಪನ್ನೋ ಸಂದಿಗೆ ತುರುಕುತ್ತಾರೆ. ಅದರಿಂದ ಫ್ಲ್ಯಾಶ್ ಅಲ್ಲಾಡುವುದು ನಿಂತರೂ ಬೆಳಗುವುದೂ ನಿಂತುಹೋಗಬಹುದು, ಏಕೆಂದರೆ ವಿದ್ಯುತ್ತಿನ ಒಂದು ದಾರಿ ನಡುವಿನ ಬೊಟ್ಟಾದರೆ ಇನ್ನೊಂದು ದಾರಿ ಶೂವಿನ ಲೋಹದ ಹಳಿಯೇ ಆಗಿದೆ. ಪಾದಕ್ಕೂ ಹಳಿಗೂ ನಡುವೆ ಕಾಗದ ಬಂದರೆ ಆ ದಾರಿ ಮುಚ್ಚುತ್ತದೆ, ಪಾದದ ಕೆಳಗೆ ಬಂದರೆ ಬೊಟ್ಟು ತಾಗುವುದಿಲ್ಲ. ಸರಿಯಾದ ಉಪಾಯ ಬೇರೆಯಿದೆ. ಅನೇಕ ಕ್ಯಾಮೆರಾಗಳ ಶೂವಿನಲ್ಲಿ ಪಾದವನ್ನು ಮೇಲಕ್ಕೆ ಒತ್ತಿ ಹಿಡಿಯುವ ತೆಳುವಾದ ಸ್ಪ್ರಿಂಗ್ ತಗಡು ಇರುತ್ತದೆ. ಅದು ವರ್ಷಗಳ ಬಳಕೆಯಿಂದ ಚಪ್ಪಟೆಯಾಗಿದ್ದರೆ, ಮೆಲ್ಲನೆ ಹೊರಗೆ ಜಾರಿಸಿ, ಬೆರಳಿನಿಂದಲೇ ತುಸು ಬಾಗಿಸಿ, ಮತ್ತೆ ಕೂರಿಸಿದರೆ ಸಾಕು. ಫ್ಲ್ಯಾಶನ್ನು ಕೊನೆಯವರೆಗೂ ಮುಂದಕ್ಕೆ ತಳ್ಳುವುದನ್ನು ಮರೆಯಬೇಡಿ. ಕೂದಲೆಳೆಯಷ್ಟು ಹಿಂದೆ ನಿಂತರೂ ಪಿನ್ನು ಬೊಟ್ಟಿನ ಮೇಲೆ ಬೀಳದೆ ಅಂಚಿನಲ್ಲಿ ಉಳಿಯುತ್ತದೆ.

ಬೊಟ್ಟು ಕಪ್ಪಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ. ಮೊಬೈಲ್ ರಿಪೇರಿ ಮಾಡುವವರ ಬಳಿ ಈ ದ್ರವ ಸಾಮಾನ್ಯವಾಗಿ ಇರುತ್ತದೆ. ಹಳಿಯ ಒಳಮೈಯನ್ನೂ ಫ್ಲ್ಯಾಶಿನ ಪಿನ್ನನ್ನೂ ಹಾಗೆಯೇ ಶುಚಿಗೊಳಿಸಬೇಕು. ಫ್ಲ್ಯಾಶ್ ಬೇರೆ ಕಂಪನಿಯದಾಗಿದ್ದು ಅದಕ್ಕೆ ಹೆಚ್ಚುವರಿ ಪಿನ್ನುಗಳಿದ್ದರೆ, ನಡುವಿನದೊಂದನ್ನು ಬಿಟ್ಟು ಉಳಿದವುಗಳ ಮೇಲೆ ತೆಳುವಾದ ಟೇಪು ಅಂಟಿಸಿ ಮ್ಯಾನ್ಯುಯಲ್ ಮೋಡ್‌ನಲ್ಲಿ ಬಳಸುವುದು ಕ್ಷೇಮ.

ಈಗ ಫ್ಲ್ಯಾಶ್ ಬೆಳಗಿತೆನ್ನೋಣ. ಅಷ್ಟಕ್ಕೇ ನಂಬಬಾರದು, ಶಟರ್ ಪೂರ್ತಿ ತೆರೆದ ಗಳಿಗೆಯಲ್ಲೇ ಬೆಳಗಿತೇ ಎಂಬುದನ್ನು ಕಣ್ಣಾರೆ ನೋಡಬೇಕು. ಕ್ಯಾಮೆರಾದ ಹಿಂಬಾಗಿಲನ್ನು ತೆರೆದು, ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ರಂಧ್ರವನ್ನು) ಪೂರ್ತಿ ಅಗಲಿಸಿ, ಮಬ್ಬುಗತ್ತಲ ಕೋಣೆಯಲ್ಲಿ ಬಿಳಿ ಗೋಡೆಯತ್ತ ಹಿಡಿದು, ಹಿಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಫ್ರೇಮಿನ ಚೌಕ ಪೂರ್ತಿ ಬೆಳಗಿದ್ದು ಕಂಡರೆ ಎಲ್ಲವೂ ಸರಿಯಿದೆ. ಶಟರಿನ ಪರದೆ ಬಟ್ಟೆಯದಾಗಿದ್ದು ಅಡ್ಡಲಾಗಿ ಓಡುವ ಕ್ಯಾಮೆರಾಗಳಲ್ಲಿ ಒಂದು ಪಕ್ಕ ಕತ್ತಲೆಯಾಗಿದ್ದರೆ, ಅಥವಾ ಮೇಲೆ-ಕೆಳಗೆ ಓಡುವ ಲೋಹದ ಪರದೆಯವುಗಳಲ್ಲಿ ಮೇಲಿನದೋ ಕೆಳಗಿನದೋ ಭಾಗ ಕತ್ತಲೆಯಾಗಿದ್ದರೆ, ಶಟರ್ ವೇಗ ಹೆಚ್ಚಾಗಿದೆ ಎಂದರ್ಥ. ಜೆನಿಟ್-ಇಗೆ 1/30, ಕೆ1000ಕ್ಕೆ 1/60, ಎಫ್‌ಎಂ10ಕ್ಕೆ 1/125 ಸೆಕೆಂಡ್ ಮಿತಿಯಾಗಿದ್ದು, ಅದಕ್ಕಿಂತ ನಿಧಾನವಾದ ವೇಗಗಳಲ್ಲಿ ತೊಂದರೆಯಿಲ್ಲ. ಏನೂ ಕಾಣದಿದ್ದರೆ ಸಿಂಕ್ ಗುಂಡಿ ಎಂ ಗುರುತಿನಲ್ಲಿದೆಯೇ ಎಂದು ನೋಡಿ. ಅದು ನಿಧಾನವಾಗಿ ಹೊತ್ತಿಕೊಳ್ಳುವ ಹಿಂದಿನ ಕಾಲದ ಫ್ಲ್ಯಾಶ್ ಬಲ್ಬುಗಳಿಗಾಗಿ ಇದ್ದದ್ದು. ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ ಎಕ್ಸ್ ಗುರುತೇ ಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ವಿವಿಟಾರ್ 283ರ ಮೊದಲ ಮಾದರಿಗಳಂತಹ ಕೆಲವು ಹಳೆಯ ಫ್ಲ್ಯಾಶ್‌ಗಳ ಪಿನ್ನಿನಲ್ಲಿ 200 ವೋಲ್ಟಿಗೂ ಹೆಚ್ಚು ಇರುತ್ತದೆ. ಪೂರ್ತಿ ಯಾಂತ್ರಿಕ ಕ್ಯಾಮೆರಾಗಳು ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತವೆ, ಎಲೆಕ್ಟ್ರಾನಿಕ್ ಶಟರಿನವು ಕೆಡಬಹುದು. ಫ್ಲ್ಯಾಶ್ ಚಾರ್ಜ್ ಆಗಿರುವಾಗ ಪಿನ್ನಿಗೂ ಪಾದದ ಪಕ್ಕದ ಲೋಹಕ್ಕೂ ಮಲ್ಟಿಮೀಟರ್ ಹಿಡಿದು ಅಳೆದು, ಆಮೇಲೆ ಜೋಡಿಸಿ. ಫ್ಲ್ಯಾಶಿನ ಒಡಲನ್ನಂತೂ ಬಿಚ್ಚಲೇಬೇಡಿ. ಒಳಗಿನ ಕೆಪಾಸಿಟರ್ ಸೆಲ್ ತೆಗೆದ ಮೇಲೂ ಪ್ರಾಣಾಪಾಯದ ಚಾರ್ಜನ್ನು ಹಿಡಿದಿಟ್ಟುಕೊಂಡಿರಬಹುದು.

ಇಷ್ಟಾದರೂ ಬೆಳಗದಿದ್ದರೆ ಫ್ಲ್ಯಾಶನ್ನು ತೆಗೆದಿಟ್ಟು, ವೇಗವನ್ನು ಬಿ ಗುರುತಿಗೆ ತಂದು, ಶಟರ್ ಒತ್ತಿ ಹಿಡಿದು, ಬೊಟ್ಟಿಗೂ ಹಳಿಗೂ ಮಲ್ಟಿಮೀಟರಿನ ಬೀಪ್ ಪರೀಕ್ಷೆ ಮಾಡಿ. ಬಹುತೇಕ ಕ್ಯಾಮೆರಾಗಳಲ್ಲಿ ಶಟರ್ ತೆರೆದಿರುವಷ್ಟು ಹೊತ್ತು ಸದ್ದು ಬರಬೇಕು. ಬರದಿದ್ದರೆ ಒಳಗಿನ ಸಂಪರ್ಕವೋ ವೈರೋ ಕಡಿದಿದೆ, ಅದು ಮೆಕ್ಯಾನಿಕ್ಕಿನ ಕೆಲಸ. ಅಲ್ಲಿಯವರೆಗೆ ಕತ್ತಲ ಕೋಣೆಯಲ್ಲಿ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬಿ ಗುರುತಿನಲ್ಲಿ ಶಟರ್ ತೆರೆದು, ಫ್ಲ್ಯಾಶನ್ನು ಕೈಯಲ್ಲಿ ಹಿಡಿದು ಟೆಸ್ಟ್ ಗುಂಡಿ ಒತ್ತಿ, ತಕ್ಷಣ ಶಟರ್ ಮುಚ್ಚಿದರೆ ಅಲುಗಾಡದೆ ಕುಳಿತವರ ಚಿತ್ರವನ್ನು ಧಾರಾಳವಾಗಿ ತೆಗೆಯಬಹುದು.