ಶೆಟ್ಲಂಡ್‌ನಲ್ಲಿ ಕೊತ್ತಂಬರಿ ಬೆಳೆದ ನನ್ನ ಅನುಭವ

ಸ್ಕಾಟ್ಲೆಂಡಿನ ಉತ್ತರ ತುದಿಯ ಶೆಟ್ಲಂಡ್ ದ್ವೀಪಗಳಲ್ಲಿ ಕೊತ್ತಂಬರಿ, ಸಬ್ಬಸಿಗೆ ಬರುವುದೇ ಇಲ್ಲ ಎಂದವರು ಈಗ ಮನೆಗೆ ಬಂದು ಹೇಗೆ ಬೆಳೆದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆದಿಡುತ್ತೇನೆ. ಬಿತ್ತೋದು, ನೀರು ಹಾಕೋದು, ಗೊಬ್ಬರ ಕೊಡೋದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನಾವಿರುವುದು ಬ್ರೇ ಊರಿನ ಹತ್ತಿರ. ಲೆರ್ವಿಕ್ ಪೇಟೆಗೆ 40 ಕಿಲೋಮೀಟರ್ ಆಗಬಹುದು. ಅಂಗಡಿಯ ಹಸಿ ಸೊಪ್ಪು ತರಕಾರಿ ಬಹುಪಾಲು ಬರುವುದು ಮುಖ್ಯ ಭೂಭಾಗದ ಅಬರ್ಡೀನ್‌ನಿಂದ ಹಡಗಿನಲ್ಲಿ, ಒಂದು ರಾತ್ರಿಯ ದಾರಿ. ಚಳಿಗಾಲದಲ್ಲಿ ಬಿರುಗಾಳಿ ಎದ್ದು ಹಡಗು ನಿಂತರೆ ಎರಡು ಮೂರು ದಿನದಲ್ಲಿ ಹಾಲು, ಬ್ರೆಡ್, ತರಕಾರಿ ಇಡುವ ಜಾಗ ಬರಿದು. ಅಕ್ಕಿ, ಬೇಳೆ, ರಾಗಿಹಿಟ್ಟನ್ನು ತಿಂಗಳುಗಟ್ಟಲೆ ತುಂಬಿಡಬಹುದು, ಸೊಪ್ಪನ್ನು ಹಾಗೆ ಇಡೋಕಾಗಲ್ಲ ಅಲ್ವಾ? ನಾನು ಕೋಲಾರದ ಕಡೆಯವಳು. ಬಸ್ಸಾರು, ಮಸ್ಸೊಪ್ಪು ಇಲ್ಲದೆ ವಾರ ಕಳೆಯುವುದು ನನ್ನಿಂದಾಗದು.

“ಆ ಚಳಿ ಊರಲ್ಲಿ ಯಾಕೆ ಒದ್ದಾಡ್ತೀಯಮ್ಮ, ಇಲ್ಲಿಗೆ ಬಂದಾಗ ಹೊಟ್ಟೆ ತುಂಬ ತಿನ್ನು” ಎಂದು ಅಮ್ಮ ಫೋನಿನಲ್ಲಿ ಹೇಳುತ್ತಿದ್ದಳು. ಪಕ್ಕದ ಜಮೀನಿನ ಅಜ್ಜ ಕುರಿ ಸಾಕುವವರು. ಈ ಮಣ್ಣಿಗೆ ಕೇಲ್ (ಎಲೆಕೋಸಿನ ಜಾತಿಯ ಸೊಪ್ಪು), ಟರ್ನಿಪ್, ಆಲೂಗಡ್ಡೆ ಬಿಟ್ಟು ಬೇರೆ ಏನೂ ಆಗದು ಎಂದು ಅವರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಹಿಂದಿನವರು ಕೇಲ್ ಸಸಿ ಮಾಡಲೂ ಗಾಳಿಗೆ ಅಡ್ಡವಾಗಿ ಕಲ್ಲುಗೋಡೆಯ ಸುತ್ತು ಕಟ್ಟುತ್ತಿದ್ದರು. ಪ್ಲಾಂಟಿಕ್ರಬ್ ಎನ್ನುವ ಆ ಸುತ್ತುಗಳು ಗುಡ್ಡದ ಮೇಲೆ ಇವತ್ತಿಗೂ ಕಾಣುತ್ತವೆ.

ಮೊದಲ ವರ್ಷ ಬಯಲಲ್ಲೇ ಹಾಕಿದೆ. ಇಲ್ಲಿಯದು ಪೀಟ್, ಅಂದರೆ ಅರೆಕೊಳೆತ ಗಿಡಗಂಟಿಯಿಂದಾದ ಜೌಗು ಮಣ್ಣು, ಅದು ಹುಳಿ. ಹುಳಿ ತಗ್ಗಲು ಸಮುದ್ರದ ಚಿಪ್ಪುಮರಳು ತಂದು ಬೆರೆಸಿದೆ, ದಡಕ್ಕೆ ಬಂದು ಬಿದ್ದ ಕಡಲಪಾಚಿ ಹಾಕಿದೆ. ಮೆಂತ್ಯ ಚೆನ್ನಾಗಿಯೇ ಹುಟ್ಟಿತು. ಜೂನ್‌ನಲ್ಲಿ ಒಂದು ರಾತ್ರಿ ಗಾಳಿ ಬೀಸಿತು. ಬೆಳಗ್ಗೆ ನೋಡಿದರೆ ಎಲೆಯ ಅಂಚೆಲ್ಲ ಕಪ್ಪು, ನಾಲಿಗೆಗೆ ತಾಗಿಸಿದರೆ ಬರೀ ಉಪ್ಪು. ಗಾಳಿಯನ್ನಾದರೂ ತಡೆಯಬಹುದು, ಅದು ಹೊತ್ತು ತರುವ ಉಪ್ಪನ್ನು ತಡೆಯಲು ಮೇಲೊಂದು ಸೂರು ಬೇಕೇ ಬೇಕು.

ಹಾಗಾಗಿ ಪಾಲಿಕ್ರಬ್ ಎನ್ನುವ ಗಟ್ಟಿ ಹಸಿರುಮನೆ ಹಾಕಿಸಿದೆ. ಇದು ಇಲ್ಲೇ ಶೆಟ್ಲಂಡ್‌ನ ನಾರ್ತ್‌ಮೇವಿನ್ ಎಂಬ ಕಡೆ ಹುಟ್ಟಿದ್ದು. ಸಾಲ್ಮನ್ ಮೀನು ಸಾಕಣೆಯ ಹಳೆ ಪೈಪನ್ನು ಕಮಾನಾಗಿ ಬಗ್ಗಿಸಿ, ಮೇಲೆ ಪಾಲಿಕಾರ್ಬೊನೇಟ್ ಹಾಳೆ ಹೊಡೆಯುತ್ತಾರೆ. ಮಾಮೂಲಿ ಪ್ಲಾಸ್ಟಿಕ್ ಹಸಿರುಮನೆ ಹಾರಿಹೋಗುವ ಗಾಳಿಗೂ ಇದು ಜಗ್ಗುವುದಿಲ್ಲ. ಕಿಟ್, ಸಾಗಣೆ, ಗುಣಿ ತೋಡಿದ ಕೂಲಿ ಎಲ್ಲ ಸೇರಿ 4,500 ಪೌಂಡ್ ಆಸುಪಾಸು ಆಯಿತು. ಮನೆಯವರ ಜೊತೆ ಕೆಲಸ ಮಾಡುವ ಕುಟುಂಬವೊಂದು ಅರ್ಧ ಹಾಕಿತು, ಅರ್ಧ ಜಾಗ ಅವರ ಟೊಮೆಟೊಗೆ. ನಮ್ಮ ಪಾಲಿನ ದುಡ್ಡನ್ನು ಊರಿಗೆ ಹೋಗಲು ಇಟ್ಟಿದ್ದೆವು. ಆ ವರ್ಷ ಊರಿಗೆ ಹೋಗಲಿಲ್ಲ.

ಉಪ್ಪಿನ ಕಾಟ ತಪ್ಪಿತು, ಆದರೆ ಕೊತ್ತಂಬರಿ ಕೈಗೆ ಬರಲಿಲ್ಲ. ಗಿಡ ಗೇಣುದ್ದ ಆಗುವ ಮೊದಲೇ ನಡುವಿನಿಂದ ದಂಟು ಎದ್ದುಬಿಡುತ್ತಿತ್ತು. ಅಗಲ ಎಲೆ ನಿಂತು, ನೂಲಿನಂಥ ಸಣ್ಣ ಎಲೆ, ವಾರದಲ್ಲಿ ಬಿಳಿ ಹೂವು. ಪಾಲಕ್, ಸಬ್ಬಸಿಗೆ ಕಥೆಯೂ ಅದೇ. ಶೆಕೆ ಜಾಸ್ತಿಯಾಯಿತು ಎಂದು ಕೆಲವರು, ನೀರು ಕಡಿಮೆ ಎಂದು ಕೆಲವರು. ಎರಡನ್ನೂ ಸರಿ ಮಾಡಿ ನೋಡಿದೆ, ಫಲ ಸಿಗಲಿಲ್ಲ. ಕಾರಣ ಬೆಳಕು. ಕೋಲಾರದಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ದಾಟದು. ಇಲ್ಲಿ ಜೂನ್‌ನಲ್ಲಿ ಹಗಲೇ ಸುಮಾರು 19 ಗಂಟೆ, ಮಿಕ್ಕಿದ್ದೂ ಪೂರ್ತಿ ಕತ್ತಲಾಗದ ಮಬ್ಬು. ಹಗಲು ಉದ್ದವಾದಷ್ಟೂ ಈ ಮೂರೂ ಸೊಪ್ಪಿಗೆ ಹೂ ಬಿಡುವ ಅವಸರ.

ಹಾಗಾದರೆ ಗಿಡಕ್ಕೆ ರಾತ್ರಿಯನ್ನು ನಾವೇ ಮಾಡಿಕೊಡಬೇಕು. ಮೊದಲು ಹಳೆ ಕಂಬಳಿ ಹೊದಿಸಿದೆ. ತೇವ ಕುಡಿದು ಭಾರವಾಗಿ ಗಿಡ ಮಲಗಿತು, ಬೂಷ್ಟು ಹಿಡಿಯಿತು. ಆಮೇಲೆ ಅಜ್ಜನ ಹತ್ತಿರ ಹುಲ್ಲಿನ ಉಂಡೆ ಸುತ್ತುವ ಕಪ್ಪು ಪ್ಲಾಸ್ಟಿಕ್ ಇಸಿದುಕೊಂಡೆ. ನೀರಿನ ಪೈಪ್ ತುಂಡುಗಳನ್ನು ಮಡಿಯ ಮೇಲೆ ಕಮಾನಾಗಿ ಊರಿ, ಅದರ ಮೇಲೆ ಪ್ಲಾಸ್ಟಿಕ್ ಎಳೆದು, ಅಂಚಿಗೆ ಕಲ್ಲು. ಖರ್ಚು 20 ಪೌಂಡ್ ಒಳಗೆ. ಸಂಜೆ ಏಳಕ್ಕೆ ಮುಚ್ಚೋದು, ಬೆಳಗ್ಗೆ ಏಳಕ್ಕೆ ತೆಗೆಯೋದು. ನನಗೆ ರಾತ್ರಿ ಪಾಳಿ ಇದ್ದ ದಿನ ಮನೆಯವರು ಮಾಡಿದರು. ನಡುವೆ ನಾಲ್ಕೈದು ದಿನ ತಪ್ಪಿದ ಮಡಿಯಲ್ಲಿ ದಂಟು ಮತ್ತೆ ಎದ್ದಿತು, ಅಲ್ಲಿಗೆ ನನಗೆ ಅನುಮಾನವೇ ಉಳಿಯಲಿಲ್ಲ.

ಪೂರ್ತಿ ಬಿಗಿಯಾಗಿ ಮುಚ್ಚಿದರೆ ಒಳಗೆ ಬೆವರಿ ಎಲೆ ಕೊಳೆಯುತ್ತದೆ. ಉತ್ತರದ ಕಡೆ ನೆಲಮಟ್ಟದಲ್ಲಿ ಗಾಳಿಗೆ ಸಂದು ಬಿಟ್ಟು, ಬೆಳಕು ನುಗ್ಗದಂತೆ ಅಲ್ಲಿ ಪ್ಲಾಸ್ಟಿಕ್ಕಿನದೇ ಒಂದು ಮಡಿಕೆ ಕೊಡಬೇಕು. ಆ ಮಡಿಕೆ ಹೇಗೆ ಕೊಡುತ್ತೇನೆ, ಬೀಜ ನೆನೆಸುವ ನೀರಿಗೆ ಏನು ಬೆರೆಸುತ್ತೇನೆ ಎನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬೀಜ ಮಾತ್ರ ದೊಡ್ಡದೇನಲ್ಲ, ಅಡುಗೆಮನೆಯ ಧನಿಯಾ, ಮೆಂತ್ಯವೇ ಹುಟ್ಟುತ್ತದೆ. ಹುರಿದದ್ದು ಆಗಿರಬಾರದು ಅಷ್ಟೆ.

ಚಳಿಗಾಲದಲ್ಲಿ ತೊಂದರೆ ತಿರುಗುಮುರುಗು. ಡಿಸೆಂಬರ್‌ನಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ. ಎಲ್‌ಇಡಿ ದೀಪ ತಂದೆ, 90 ಪೌಂಡ್. ಸೊಪ್ಪೇನೋ ಬಂತು, ಆದರೆ ದೀಪ ಮತ್ತು ಬೆಚ್ಚಗಿಡುವ ಹಾಸಿನ ಕರೆಂಟು ಲೆಕ್ಕ ಹಾಕಿದರೆ ಅಂಗಡಿಯ ಕಟ್ಟಿಗಿಂತ ದುಬಾರಿ. ಈಗ ದೀಪದ ಕೆಳಗೆ ಸಣ್ಣ ಟ್ರೇಯಲ್ಲಿ ಮೆಂತ್ಯ ಮಾತ್ರ.

ಅವರೆಯನ್ನೂ ಬಿಡಲಿಲ್ಲ. ಸಾರಿಗೆ ತಂದ ಒಣ ಅವರೆಕಾಳನ್ನು ಮನೆಯೊಳಗೆ ಮೊಳೆಸಿ ಪಾಲಿಕ್ರಬ್‌ಗೆ ನೆಟ್ಟೆ. ಬಳ್ಳಿ ಮೇಲಿನ ಕಮಾನು ಮುಟ್ಟಿತು, ಹೂವಿಲ್ಲ. ನಾಟಿ ಅವರೆಗೆ ಹಗಲು ಕಿರಿದಾದರೇ ಹೂವು. ಅದು ಕಿರಿದಾಗುವ ಹೊತ್ತಿಗೆ ಇಲ್ಲಿ ಚಳಿ ಬಂದಿರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಬೀಜ ತರಿಸಲು ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಅದರ ಹಿಂದೆ ಬಿದ್ದಿದ್ದೇನೆ.

   

ಈ ಬೇಸಿಗೆಯಲ್ಲಿ ಒಂದು ಮಡಿಯಿಂದ ಹತ್ತಿರ ಹತ್ತಿರ ಎಂಟು ಕೆಜಿ ಕೊತ್ತಂಬರಿ ಕೊಯ್ದೆ. ಅಂಗಡಿಯಲ್ಲಿ ಬೊಗಸೆಗೂ ಸಾಲದ ಪೊಟ್ಟಣಕ್ಕೆ ಒಂದು ಪೌಂಡ್. ಲೆರ್ವಿಕ್‌ನ ಮಲಯಾಳಿ, ತೆಲುಗು ಮನೆಗಳವರು ವಾರವಾರ ಕೇಳಿ ಒಯ್ದರು. ಅಜ್ಜ ಕುರಿಮಾಂಸದ ಸೂಪಿಗೆ ಹಾಕಿಕೊಳ್ಳುತ್ತಾರೆ, ಅವರಿಗೂ ಒಂದು ಮೂಲೆ ಬಿಟ್ಟಿದ್ದೇನೆ. ಹಾಕಿದ ದುಡ್ಡು ಮರಳಲು ಇನ್ನೂ ಕೆಲವು ವರ್ಷ ಬೇಕು, ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಹೊಸಬರು ಜೂನ್ ಬದಲು ಆಗಸ್ಟ್ ಕೊನೆಯಲ್ಲಿ ಬಿತ್ತಿ. ಆಗ ಹಗಲು ತಾನೇ ಇಳಿಯುತ್ತಿರುತ್ತದೆ, ಮುಚ್ಚುವ ಕೆಲಸವಿಲ್ಲ, ಅಕ್ಟೋಬರ್‌ನಲ್ಲಿ ಕೊಯ್ಲು. ಕೈ ಪಳಗಿದ ಮೇಲೆ ಮುಂದಿನ ಬೇಸಿಗೆಗೆ ಕಪ್ಪು ಪ್ಲಾಸ್ಟಿಕ್ ತಂದುಕೊಳ್ಳಿ.