ಮಳೆಲೆಕ್ಕದ ಪುಸ್ತಕಗಳಿಗೆ ಮನೆಯಲ್ಲೇ ಒಂದು ಸರ್ವರ್

ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ತೋಟ ಇರುವ ಎಷ್ಟೋ ಮನೆಗಳಲ್ಲಿ ಮಳೆಮಾಪಕವೂ ಅದರ ಜೊತೆಗೊಂದು ನೋಟ್‌ಬುಕ್ಕೂ ಇರುತ್ತವೆ. ನಮ್ಮ ಮನೆಯದು ಅಜ್ಜ ಶುರುಮಾಡಿದ್ದು. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಸುರಿದರೆ, ಕೆಲವೇ ಮೈಲಿ ಪೂರ್ವಕ್ಕೆ ಬಂದರೆ ಅದರ ಅರ್ಧವೂ ಇರುವುದಿಲ್ಲ. ಇಷ್ಟು ವ್ಯತ್ಯಾಸ ಇರುವ ಜಾಗದಲ್ಲಿ ಒಂದೊಂದು ಮನೆಯ ಲೆಕ್ಕಕ್ಕೂ ಬೆಲೆ ಇದೆ. ಆ ಪುಸ್ತಕಗಳಿಗೆ ಗೆದ್ದಲು ಹಿಡಿಯುವ ಮೊದಲು ಎಲ್ಲವನ್ನೂ ಒಂದು ಕಡೆ ಸೇರಿಸಬೇಕು ಎಂದು ನಾನು ಹೊರಟೆ.

ಎಕ್ಸೆಲ್ ಸಾಕಲ್ಲವೇ ಎಂದು ಹಲವರು ಕೇಳಿದರು. ಒಬ್ಬರೇ ತುಂಬುವುದಾದರೆ ಸಾಕು. ನಾಲ್ಕು ಮನೆಯವರು ನಾಲ್ಕು ಫೋನಿನಿಂದ ತುಂಬುವಾಗ ಯಾವ ಪ್ರತಿ ಹೊಸದು, ಯಾವುದು ಹಳೆಯದು ಎಂಬ ಗೊಂದಲಕ್ಕೆ ಕೊನೆಯೇ ಇರುವುದಿಲ್ಲ. ದತ್ತಾಂಶ ಒಂದೇ ಕಡೆ ಇದ್ದು, ಎಲ್ಲರೂ ಬ್ರೌಸರಿನಿಂದ ಅಲ್ಲಿಗೇ ಬರಬೇಕು. ಅದಕ್ಕೆ ಬೇಕಾದದ್ದು ಪುಟಗಳನ್ನು ಬ್ರೌಸರಿಗೆ ಕಳಿಸುವ ವೆಬ್ ಸರ್ವರ್ ಮತ್ತು ದತ್ತಾಂಶವನ್ನು ಕೋಷ್ಟಕಗಳಲ್ಲಿ ಇಡುವ ಡೇಟಾಬೇಸ್.

ಮನೆಯಲ್ಲಿ ಸುಮ್ಮನೆ ಬಿದ್ದಿದ್ದ, 4 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಿ, 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನು ಕೂರಿಸಿದೆ. ಡೆಬಿಯನ್ನನ್ನೇ ಆರಿಸಿದ್ದಕ್ಕೆ ಕಾರಣ ಅದರ ನಿಧಾನ. ಆವೃತ್ತಿ ಒಮ್ಮೆ ನೆಲೆಗೊಂಡರೆ ಮುಂದೆ ಬರುವುದು ಹೆಚ್ಚಾಗಿ ಭದ್ರತೆಯ ತಿದ್ದುಪಡಿಗಳೇ, ಮಳೆಗಾಲದ ಮಧ್ಯದಲ್ಲಿ ಎಲ್ಲ ಬದಲಾಗಿಬಿಡುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಏನೇನು ಬೇಕು ಎಂದು ಕೇಳುವ ಪರದೆಯಲ್ಲಿ ಡೆಸ್ಕ್‌ಟಾಪ್ ಗುರುತು ತೆಗೆದು, ದೂರದಿಂದ ಆಜ್ಞೆ ಕೊಡಲು ಬೇಕಾದ ಎಸ್‌ಎಸ್‌ಎಚ್ ಸರ್ವರನ್ನು ಮಾತ್ರ ಉಳಿಸಿಕೊಳ್ಳಿ. ಆಮೇಲೆ ಮಾನಿಟರೂ ಬೇಡ, ಲ್ಯಾಪ್‌ಟಾಪಿನಿಂದಲೇ ಕೆಲಸ ನಡೆಯುತ್ತದೆ.

ವೆಬ್ ಸರ್ವರ್ ಅಪಾಚೆ, ಡೇಟಾಬೇಸ್ ಮರಿಯಾಡಿಬಿ, ಪುಟಗಳನ್ನು ಬರೆಯುವ ಭಾಷೆ ಪಿಎಚ್‌ಪಿ ಮೂರೂ ಡೆಬಿಯನ್ನಿಗೆ ಸಾಫ್ಟ್‌ವೇರ್ ತಂದುಕೊಡುವ ಆಪ್ಟ್‌ನ ಒಂದೇ ಆಜ್ಞೆಗೆ ಬಂದು ಕೂರುತ್ತವೆ. ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಪಿಎಚ್‌ಪಿ-ಮೈಎಸ್‌ಕ್ಯೂಎಲ್ ಪ್ಯಾಕೇಜನ್ನೂ ಜೊತೆಗೇ ಹಾಕಿಕೊಳ್ಳಿ, ಅದಿಲ್ಲದೆ ಇವೆರಡಕ್ಕೆ ಮಾತುಕತೆಯೇ ಇಲ್ಲ. ಮರಿಯಾಡಿಬಿ 2009ರಲ್ಲಿ ಮೈಎಸ್‌ಕ್ಯೂಎಲ್‌ನಿಂದ ಕವಲೊಡೆದದ್ದು, ಹಾಗಾಗಿ ಹೆಸರುಗಳಲ್ಲಿ ಎರಡೂ ಬೆರೆತು ಕಾಣಿಸುತ್ತವೆ. ಡೆಬಿಯನ್ನಿನಲ್ಲಿ ಮರಿಯಾಡಿಬಿ ತಾನಾಗಿಯೇ 127.0.0.1ಕ್ಕೆ, ಅಂದರೆ ಅದೇ ಯಂತ್ರದ ಒಳಗಿನ ವಿಳಾಸಕ್ಕೆ, ಮಾತ್ರ ಕಿವಿಗೊಡುತ್ತದೆ, ಬೇರೆ ಯಂತ್ರದಿಂದ ನೇರವಾಗಿ ಯಾರೂ ಅದನ್ನು ಮುಟ್ಟಲಾರರು. ಅದನ್ನು ಹಾಗೆಯೇ ಬಿಡಿ. ವೆಬ್ ಪುಟಕ್ಕಾಗಿ ಬೇರೆಯೇ ಬಳಕೆದಾರನನ್ನು ಸೃಷ್ಟಿಸಿ, ಓದುವ, ಸೇರಿಸುವ, ತಿದ್ದುವ ಹಕ್ಕನ್ನಷ್ಟೇ ಕೊಟ್ಟೆ. ಅಳಿಸುವ ಹಕ್ಕು ಕೊಡಲಿಲ್ಲ. ಅಜ್ಜನ ಕಾಲದ ಸಾಲೊಂದು ಫೋನಿನ ಮೇಲೆ ಬೆರಳು ತಾಗಿದ್ದಕ್ಕೆ ಹೋಗಬಾರದು.

ಅಕ್ಷರಗಳ ವಿಷಯ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಹೆಚ್ಚಿನ ಇಮೋಜಿಗಳಿಗೆ ನಾಲ್ಕು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಮೂರಕ್ಕೇ ನಿಲ್ಲುತ್ತದೆ. ಷರಾ ಬರೆಯುವವರು ವಾಟ್ಸ್ಆ್ಯಪ್‌ನಿಂದ ಮೋಡ-ಮಳೆಯ ಚಿತ್ರ ಸಮೇತ ತಂದು ಅಂಟಿಸುತ್ತಾರೆ, ಆದ್ದರಿಂದ ಡೇಟಾಬೇಸಿಗೂ ಪಿಎಚ್‌ಪಿಯ ಸಂಪರ್ಕಕ್ಕೂ 'ಯುಟಿಎಫ್8ಎಂಬಿ4' ಎಂದೇ ಕೊಡಬೇಕು.

ಇಷ್ಟೆಲ್ಲ ಒಂದು ಮಧ್ಯಾಹ್ನದ ಕೆಲಸ. ನಾನು ಹೆಚ್ಚು ಹೊತ್ತು ಕೂತದ್ದು ಕೋಷ್ಟಕಗಳ ಮುಂದೆ.

ಪಕ್ಕದ ತೋಟದ ರಾಯರ ಪುಸ್ತಕದಲ್ಲಿ ಕೆಲವು ದಿನಕ್ಕೆ ಸೊನ್ನೆ, ಕೆಲವಕ್ಕೆ ಅಡ್ಡಗೆರೆ ಇತ್ತು. ಕೇಳಿದೆ. "ಮಳೆ ಬರಲಿಲ್ಲ ಅಂದ್ರೆ ಸೊನ್ನೆ ಮಾರಾಯ. ನಾನು ಊರಲ್ಲೇ ಇರಲಿಲ್ಲ ಅಂದ್ರೆ ಗೆರೆ. ಎರಡೂ ಒಂದೇ ಹೇಗಾಗ್ತದೆ?" ಎಂದರು. ಡೇಟಾಬೇಸಿನಲ್ಲಿ ಸೊನ್ನೆಗೂ ನಲ್‌ಗೂ (ಅಳತೆಯೇ ಗೊತ್ತಿಲ್ಲದ ಖಾಲಿ ಜಾಗ) ಇರುವ ವ್ಯತ್ಯಾಸ ಇದೇ. ಮಳೆಯ ಕಾಲಮ್ಮಿಗೆ ನಲ್ ಇರಲು ಅವಕಾಶ ಕೊಟ್ಟು, ತಾನಾಗಿ ಸೊನ್ನೆ ಬೀಳದಂತೆ ಮಾಡಿದೆ. ಮೊತ್ತ ಹಾಕುವಾಗ ಮರಿಯಾಡಿಬಿ ನಲ್ ಇದ್ದ ದಿನಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ತಿಂಗಳ ಮೊತ್ತದ ಪಕ್ಕದಲ್ಲೇ 'ನೋಡದ ದಿನಗಳು ಇಷ್ಟು' ಎಂದೂ ತೋರಿಸುತ್ತೇನೆ. ಎರಡು ದಿನ ಬಿಟ್ಟು ಬಂದು ಒಟ್ಟಿಗೆ ಅಳೆದವರಿಗಾಗಿ, ಅಳತೆ ಎಷ್ಟು ದಿನದ್ದು ಎಂಬ ಕಾಲಮ್ ಬೇರೆಯೇ ಇದೆ. ಇಲ್ಲದಿದ್ದರೆ ಆ ದಿನ ದಾಖಲೆ ಮಳೆ ಬಿದ್ದಂತೆ ಕಾಣುತ್ತದೆ.

ಹಳೆಯ ಪುಸ್ತಕಗಳು ಇಂಚು-ಸೆಂಟಿನವು (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ), ಹೊಸವು ಮಿಲಿಮೀಟರಿನವು. ಬರೆದದ್ದನ್ನು ಬರೆದ ಹಾಗೆಯೇ ಇಡಬೇಕು ಎಂಬುದು ನನ್ನ ಹಟ. 2 ಇಂಚು 35 ಸೆಂಟ್ ಎಂದಿದ್ದರೆ 2.35, ಪಕ್ಕದಲ್ಲಿ ಇಂಚು ಎಂಬ ಗುರುತು. 59.69 ಮಿಲಿಮೀಟರ್ ಎಂಬುದನ್ನು ಜನರೇಟೆಡ್ ಕಾಲಮ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಸಂಖ್ಯೆ ಇಡುವ ಕಾಲಮ್ಮಿನ ಮಾದರಿ ಫ್ಲೋಟ್ ಬೇಡ, ಡೆಸಿಮಲ್ ಇರಲಿ. ಫ್ಲೋಟ್ 0.1ನ್ನೂ ನಿಖರವಾಗಿ ಹಿಡಿಯುವುದಿಲ್ಲ, ರಾಯರು ಕೈಯಲ್ಲಿ ಕೂಡಿದ ಮೊತ್ತಕ್ಕೂ ಪರದೆಯ ಮೊತ್ತಕ್ಕೂ ಕೂದಲೆಳೆಯ ವ್ಯತ್ಯಾಸ ಬಂದರೂ ಅವರಿಗೆ ಇದರ ಮೇಲಿನ ನಂಬಿಕೆ ಹೋಗುತ್ತದೆ.

ದಿನಾಂಕದ್ದೂ ಒಂದು ತೊಡಕು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಅಳೆದ ದಿನಕ್ಕೇ ಬರೆಯುತ್ತಾರೆ. ನಮ್ಮಲ್ಲಿ ಕೆಲವರು 'ನಿನ್ನೆ ಬಿದ್ದದ್ದು' ಎಂದು ಹಿಂದಿನ ದಿನಕ್ಕೆ ಬರೆಯುತ್ತಾರೆ. ಯಾವ ಮನೆಯ ರೂಢಿ ಯಾವುದು ಎಂಬುದನ್ನು ಮನೆಗಳ ಕೋಷ್ಟಕದಲ್ಲಿಟ್ಟೆ, ಹೋಲಿಸುವಾಗ ಅದೇ ಸರಿಹೊಂದಿಸುತ್ತದೆ. ಮನೆ ಮತ್ತು ದಿನಾಂಕ ಸೇರಿಸಿ ಯುನೀಕ್ ಕೀ (ಅದೇ ಜೋಡಿ ಎರಡು ಸಲ ಬರದಂತೆ ತಡೆ) ಹಾಕಿದ್ದರಿಂದ ಒಂದೇ ಮನೆಯ ಒಂದೇ ದಿನವನ್ನು ಇಬ್ಬರು ತುಂಬಲು ಆಗುವುದಿಲ್ಲ.

ಕೊನೆಗೆ ಎಲ್ಲರಿಗೂ ಬೇಕಾಗಿದ್ದು ಜೂನ್, ಜುಲೈ ಲೆಕ್ಕವಲ್ಲ. "ಈ ಸಲದ ಆರಿದ್ರೆ ಎಷ್ಟು, ಹೋದ ಸಲದ್ದು ಎಷ್ಟು?" ಎಂದೇ ಕೇಳುವುದು. ಸೂರ್ಯ ಒಂದು ನಕ್ಷತ್ರದಲ್ಲಿ ಇರುವುದು ಹದಿಮೂರು-ಹದಿನಾಲ್ಕು ದಿನ, ಪ್ರವೇಶದ ದಿನ ವರ್ಷದಿಂದ ವರ್ಷಕ್ಕೆ ಒಂದು ದಿನ ಹಿಂದೆಮುಂದೆ ಆಗುವುದುಂಟು. ಆದ್ದರಿಂದ ಪಂಚಾಂಗ ನೋಡಿ ಪ್ರತಿ ವರ್ಷದ ಆರಂಭ-ಅಂತ್ಯಗಳನ್ನು ಪ್ರತ್ಯೇಕ ಕೋಷ್ಟಕಕ್ಕೆ ತುಂಬಿ, ಮಳೆಯ ಕೋಷ್ಟಕಕ್ಕೆ ಜೋಡಿಸಿದೆ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಸಾಲಾಗಿ ಬಂದ ಆ ಪುಟವನ್ನೇ ಈಗ ಎಲ್ಲರೂ ಮೊದಲು ತೆರೆಯುವುದು.

ಸರ್ವರನ್ನು ಹೊರಗಿನ ಇಂಟರ್ನೆಟ್ಟಿಗೆ ತೆರೆದಿಲ್ಲ. ಮನೆಯ ವೈಫೈಯಲ್ಲಿ ಅದಕ್ಕೊಂದು ಕಾಯಂ ವಿಳಾಸವಿದೆ. ಪುಸ್ತಕ ಹಿಡಿದು ಬಂದವರು ಜಗಲಿಯಲ್ಲಿ ಕೂತು ತಮ್ಮ ಫೋನಿನಲ್ಲೇ ತುಂಬುತ್ತಾರೆ, ದಿನದ ಅಳತೆ ವಾಟ್ಸ್ಆ್ಯಪ್‌ನಲ್ಲಿ ಬಂದರೆ ಅತ್ತಿಗೆ ತುಂಬುತ್ತಾರೆ.

ಕರೆಂಟು ಹೋಗುವುದು ಇಲ್ಲಿ ಮಾಮೂಲು. ಕರೆಂಟು ಬಂದ ಕೂಡಲೇ ಯಂತ್ರ ತಾನೇ ಎದ್ದು ನಿಲ್ಲುವಂತೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್) ಹೇಳಿಟ್ಟಿದ್ದೇನೆ. ಅಪಾಚೆ, ಮರಿಯಾಡಿಬಿ ಎರಡೂ ಅದರ ಹಿಂದೆಯೇ ಏಳುತ್ತವೆ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಮರಿಯಾಡಿಬಿಯ ಒಳಗೆ ದತ್ತಾಂಶ ಇಡುವ ಭಾಗವಾದ ಇನ್ನೋಡಿಬಿ ತನ್ನ ಲಾಗ್ ನೋಡಿ ಸರಿಮಾಡಿಕೊಳ್ಳುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಮಾತ್ರ ಯಾವ ಸಾಫ್ಟ್‌ವೇರೂ ಉತ್ತರವಲ್ಲ. ಮೋಡ ಕಟ್ಟಿದರೆ ಯಂತ್ರವನ್ನು ಸರಿಯಾಗಿ ಆಫ್ ಮಾಡಿ, ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡುತ್ತೇವೆ.

ಪ್ರತಿ ರಾತ್ರಿ ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್ ಮೂಲಕ ಮರಿಯಾಡಿಬಿ-ಡಂಪ್ ಓಡಿ ಡೇಟಾಬೇಸಿನ ಪೂರ್ತಿ ಪ್ರತಿ ತೆಗೆಯುತ್ತದೆ. ಒಂದು ಪೆನ್‌ಡ್ರೈವಿಗೆ, ಇನ್ನೊಂದು ಶಿವಮೊಗ್ಗದಲ್ಲಿರುವ ತಮ್ಮನ ಮನೆಗೆ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಲ್ಯಾಪ್‌ಟಾಪಿನ ಖಾಲಿ ಡೇಟಾಬೇಸಿಗೆ ಸುರಿದು, ಸಾಲುಗಳ ಎಣಿಕೆಯನ್ನೂ ಮನೆವಾರು ವರ್ಷದ ಮೊತ್ತವನ್ನೂ ತಾಳೆ ನೋಡುತ್ತೇನೆ. ತಾಳೆಯಾದ ಮೇಲೆಯೇ ಹಳೆಯ ಪ್ರತಿಗಳನ್ನು ತೆಗೆಯುವುದು.